ಗುರುವಿಲ್ಲದ ಯಂತ್ರವು ಹಾಕುವ ಎಲ್ಲೆ

ಗುಡ್ಡದ ನೆತ್ತಿಯ ಮೇಲೆ ನಿಂತು ಕೆಳಗಣ ಬಯಲನ್ನು ನೋಡುವವನಿಗೆ ಇದು ರಾಗಿಯ ಹೊಲ, ಇದು ಕೆರೆಯ ಅಚ್ಚುಕಟ್ಟಿನ ಗದ್ದೆ, ಅತ್ತಲಾಗಿನದು ತೆಂಗಿನ ತೋಟ, ಅದರಾಚೆಗಿರುವುದು ಕುರುಚಲು ಕಾಡು ಎಂದು ಯಾರೂ ಹೇಳಿಕೊಡಬೇಕಾದುದಿಲ್ಲ. ರಾಗಿಯನ್ನೇ ಕಂಡರಿಯದ ಪರದೇಶದವನನ್ನು ತಂದು ಅಲ್ಲಿ ನಿಲ್ಲಿಸಿದರೂ, ಹೆಸರು ತಿಳಿಯದಿದ್ದರೇನಾಯಿತು, ಇದು ಬೇರೆ ಅದು ಬೇರೆ ಎಂಬಷ್ಟನ್ನು ಅವನ ಕಣ್ಣು ಕ್ಷಣಮಾತ್ರದಲ್ಲಿ ಗ್ರಹಿಸಿಬಿಡುವುದು. ನಮ್ಮ ತಾರ್ಕಿಕರು ಪ್ರತ್ಯಕ್ಷಜ್ಞಾನವನ್ನು ನಿರ್ವಿಕಲ್ಪಕವೆಂದೂ ಸವಿಕಲ್ಪಕವೆಂದೂ ಎರಡಾಗಿ ಎಣಿಸಿರುವರು. ನಾಮಜಾತಿಗಳ ಸಂಬಂಧವಿಲ್ಲದ ಅರಿವು ಮೊದಲನೆಯದು. ‘ಇದು ಇಂತಹುದು’ ಎಂಬ ಅರಿವು ಎರಡನೆಯದು. ಹೆಸರಿಲ್ಲದೆಯೇ ಭೇದವನ್ನು ಕಾಣುವ ಆ ಮೊದಲ ಮೆಟ್ಟಿಲನ್ನು ಹೋಲುವ ಶಕ್ತಿಯನ್ನು ಗಣಕಯಂತ್ರಕ್ಕೆ ಕೊಡಬೇಕೆಂದು ವಿದ್ವಾಂಸರು ಅರ್ಧ ಶತಮಾನಕ್ಕೂ ಮಿಕ್ಕಿ ಶ್ರಮಿಸಿರುವರು. ಬಣ್ಣದ ಚಿತ್ರವೊಂದನ್ನು ಯಾವ ಗುರುವಿನ ಸಹಾಯವೂ ಇಲ್ಲದೆ ನೇಯ್ಗೆಯ ಗುರುತಿನಿಂದ ಭಾಗಭಾಗವಾಗಿ ವಿಂಗಡಿಸುವ ವಿದ್ಯೆಯೇ ಇದು.

ಇದು ಪಂಡಿತರ ವಿನೋದವೆಂದು ವಾಚಕರು ಕಡೆಗಣಿಸಲಾಗದು. ಇಂದು ನೆಲದ ಚಿತ್ರವನ್ನು ಉಪಗ್ರಹಗಳು ತೆಗೆಯುತ್ತಿವೆ. ಆಸ್ಪತ್ರೆಯಲ್ಲಿ ರೋಗಿಯ ಅಂಗಾಂಶದ ತುಣುಕಿಗೆ ಬಣ್ಣ ಕೊಟ್ಟು ಅದರ ಚಿತ್ರವನ್ನು ಯಂತ್ರಕ್ಕೆ ಒಪ್ಪಿಸುವುದುಂಟು. ಇಲ್ಲಿಯವರೆಗೆ ಕಾಡು, ಇಲ್ಲಿಂದಾಚೆಗೆ ಹೊಲ; ಇಲ್ಲಿಯವರೆಗೆ ಆರೋಗ್ಯ, ಇಲ್ಲಿಂದಾಚೆಗೆ ವ್ಯಾಧಿ ಎಂದು ಯಂತ್ರವು ಗೆರೆ ಎಳೆಯುವುದು. ಆ ಗೆರೆಯು ಅಂದವಾದ ನಕ್ಷೆಯಾಗಿ ಅಧಿಕಾರಿಯ ಮೇಜಿನ ಮೇಲೆ ಬಂದಾಗ ಅದನ್ನು ಸರ್ವೆ ಕಲ್ಲಿನಂತೆ ನಂಬಬಹುದೆ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಆ ಗೆರೆ ಹುಟ್ಟುವ ಬಗೆಯನ್ನು ಮೊದಲು ತಿಳಿಯಬೇಕು.

ಬಣ್ಣವೊಂದೇ ಸಾಲದು

ಯಂತ್ರಕ್ಕೆ ಚಿತ್ರವೆಂದರೆ ಅಂಕಿಗಳ ರಾಶಿ. ಸಾವಿರ ಸಾಲು, ಸಾಲಿಗೆ ಸಾವಿರ ಬಿಂದುಗಳಿರುವ ಸಾಧಾರಣ ಚಿತ್ರದಲ್ಲಿ 10 ಲಕ್ಷ ಬಿಂದುಗಳಿರುವುವು. ಒಂದೊಂದು ಬಿಂದುವಿಗೂ ಕೆಂಪು, ಹಸುರು, ನೀಲಿಗಳ ಪ್ರಮಾಣವನ್ನು ಸೂಚಿಸುವ ಮೂರು ಅಂಕಿಗಳು. ಪ್ರತಿಯೊಂದು ಅಂಕಿಯೂ ಸಾಮಾನ್ಯವಾಗಿ 0 ಮೊದಲುಗೊಂಡು 255ರವರೆಗೆ. ಈ ಅಂಕಿಗಳಲ್ಲಿ ಹೊಲವೂ ಇಲ್ಲ, ಕಾಡೂ ಇಲ್ಲ.

ಒಂದೇ ಬಣ್ಣದ ಬಿಂದುಗಳನ್ನು ಒಂದು ಕಡೆ ಸೇರಿಸಿದರೆ ಸಾಲದೆ ಎಂದು ಕೇಳಬಹುದು. ಸಾಲದು. ಕೆಂಪು ಮತ್ತು ಕಪ್ಪು ಎಳೆಗಳಿಂದ ನೇಯ್ದ ಚೌಕುಳಿ ಸೀರೆಯನ್ನು ನೆನೆಯಿರಿ. ಅದರ ಒಡಲನ್ನು ನೋಡಿದವರು ಅದನ್ನು ಒಂದೇ ಒಡಲೆನ್ನುವರಲ್ಲದೆ ನೂರಾರು ಕೆಂಪು ತುಂಡುಗಳ ಮತ್ತು ನೂರಾರು ಕಪ್ಪು ತುಂಡುಗಳ ಕಂತೆಯೆನ್ನುವುದಿಲ್ಲ. ಅದೇ ಕೆಂಪು ಕಪ್ಪು ಎಳೆಗಳನ್ನು ಅಂಚಿನಲ್ಲಿ ಉದ್ದುದ್ದ ಪಟ್ಟೆಗಳಾಗಿ ಜೋಡಿಸಿದರೆ, ಬಣ್ಣಗಳು ಅವೇ ಆದರೂ, ಒಡಲು ಬೇರೆ ಅಂಚು ಬೇರೆ ಎಂದು ಮಗುವೂ ಹೇಳುವುದು. ಬಣ್ಣವನ್ನು ಮಾತ್ರ ಬಲ್ಲ ಯಂತ್ರವಾದರೋ ಒಂದಾಗಿರುವ ಒಡಲನ್ನು ಚೂರು ಚೂರು ಮಾಡಿ, ಬೇರೆಯಾಗಿರುವ ಅಂಚನ್ನು ಒಡಲಿನೊಡನೆ ಬೆರಸಿಬಿಡುವುದು. ಬಣ್ಣಗಳು ಒಂದರ ಪಕ್ಕದಲ್ಲೊಂದು ಕುಳಿತುಕೊಳ್ಳುವ ಕ್ರಮವೇ ಇಲ್ಲಿ ಮುಖ್ಯ. ಇದಕ್ಕೆ ಆಂಗ್ಲರು ‘ಟೆಕ್ಸ್ಚರ್’ ಎನ್ನುವರು. ನೇಯುವುದೆಂಬ ಅರ್ಥವುಳ್ಳ ಲ್ಯಾಟಿನ್ ಧಾತುವಿನಿಂದ ಬಂದ ಮಾತದು. ನಾವು ಇದನ್ನು ನೇಯ್ಗೆಯೆಂದೇ ಕರೆಯುವುದರಲ್ಲಿ ತಪ್ಪಿಲ್ಲ.

ಕಣ್ಣು ಈ ನೇಯ್ಗೆಯನ್ನು ಹೇಗೆ ಹಿಡಿಯುವುದೆಂಬುದನ್ನು ಹಂಗೇರಿ ದೇಶದಲ್ಲಿ ಹುಟ್ಟಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ದುಡಿದ ಬೇಲಾ ಜೂಲೆಸ್ ಎಂಬುವರು 1962ರಿಂದ ಪರೀಕ್ಷಿಸಿದರು. ಬಿಂದುಗಳನ್ನು ಎರಡೆರಡಾಗಿ ತೆಗೆದುಕೊಂಡು ಅವುಗಳ ಸಂಬಂಧವನ್ನು ಎಣಿಸಿದ ಲೆಕ್ಕವು ಎರಡು ನೇಯ್ಗೆಗಳಲ್ಲಿ ಒಂದೇ ಆಗಿದ್ದರೆ ಕಣ್ಣು ಅವುಗಳನ್ನು ತಟ್ಟನೆ ಬೇರ್ಪಡಿಸಲಾರದೆಂದು ಅವರು ಊಹಿಸಿದರು. ಮುಂದೆ ತಾವೇ ಸಹೋದ್ಯೋಗಿಗಳೊಡನೆ ಅದಕ್ಕೆ ವಿರುದ್ಧವಾದ ದೃಷ್ಟಾಂತಗಳನ್ನು ಕಂಡುಹಿಡಿದು ಪ್ರಕಟಿಸಿದರು. ಊಹೆ ಮುರಿದರೂ ಎರಡೆರಡು ಬಿಂದುಗಳ ಸಂಬಂಧವನ್ನು ಎಣಿಸುವ ಮಾರ್ಗವು ಉಳಿಯಿತು. 1973ರಲ್ಲಿ ಹ್ಯಾರಲಿಕ್, ಷಣ್ಮುಗಂ, ಡಿನ್‌ಸ್ಟೈನ್ ಎಂಬ ಮೂವರು ಅದೇ ಬಗೆಯ ಎಣಿಕೆಯಿಂದ ನೇಯ್ಗೆಯ 14 ಲಕ್ಷಣಗಳನ್ನು ಪಟ್ಟಿಮಾಡಿ ಉಪಗ್ರಹಚಿತ್ರಗಳಿಗೆ ಅನ್ವಯಿಸಿದರು.

ನೆರೆಹೊರೆಯ ನಿಯಮ

ಸಂಭವನೀಯತೆಯ ಶಾಸ್ತ್ರವು ಇಲ್ಲಿಗೆ ಪ್ರವೇಶಿಸಿದ ಕಥೆ ಸ್ವಾರಸ್ಯವಾಗಿದೆ. 1913ರಲ್ಲಿ ರಷ್ಯದ ಗಣಿತಜ್ಞ ಆಂದ್ರೇ ಮಾರ್ಕೋವ್ ಎಂಬುವರು ಪುಷ್ಕಿನ್ ಕವಿಯ ‘ಯೆವ್ಗೇನಿ ಒನೇಗಿನ್’ ಕಾವ್ಯದ ಮೊದಲ 20,000 ಅಕ್ಷರಗಳನ್ನು ಎಣಿಸಿದರು. ಅವುಗಳಲ್ಲಿ ಸ್ವರಗಳು 8,638. ಎಂದರೆ ನೂರಕ್ಕೆ ಸುಮಾರು 43. ಆದರೆ ಸ್ವರದ ಬೆನ್ನಿಗೇ ಮತ್ತೊಂದು ಸ್ವರ ಬರುವುದು ನೂರಕ್ಕೆ 13ರಷ್ಟು ಮಾತ್ರ. ವ್ಯಂಜನದ ಬೆನ್ನಿಗೆ ಬರುವುದು ನೂರಕ್ಕೆ 66ರಷ್ಟು. ಒಂದು ಅಕ್ಷರವು ಯಾವುದೆಂಬುದು ಅದರ ನೆರೆಯವರಾರೆಂಬುದನ್ನು ಅವಲಂಬಿಸಿದೆ ಎಂಬ ಈ ಸರಳವಾದ ಮಾತೇ ಮುಂದೆ ದೊಡ್ಡ ಶಾಸ್ತ್ರಕ್ಕೆ ಬೀಜವಾಯಿತು.

ಅಕ್ಷರಕ್ಕೆ ಹಿಂದೆ ಮುಂದೆ ಮಾತ್ರ ನೆರೆ. ಚಿತ್ರದ ಬಿಂದುವಿಗೆ ನಾಲ್ಕು ದಿಕ್ಕಿನಲ್ಲಿಯೂ ನೆರೆ. ಇಂತಹ ಜಾಲದಲ್ಲಿ ನೆರೆಹೊರೆಯ ನಿಯಮವನ್ನು ಬರೆಯುವ ಬಗೆಯನ್ನು ಇಂಗ್ಲೆಂಡಿನ ಜೂಲಿಯನ್ ಬೆಸಾಗ್ 1974ರಲ್ಲಿ ವ್ಯವಸ್ಥೆಗೊಳಿಸಿದರು. 1984ರಲ್ಲಿ ಅಮೆರಿಕದ ಗೆಮನ್ ಸಹೋದರರು ಅದನ್ನು ಚಿತ್ರಗಳ ಶುದ್ಧೀಕರಣಕ್ಕೆ ಹಚ್ಚಿ ಪ್ರಸಿದ್ಧಿಗೆ ತಂದರು. ಈ ಮಾದರಿಗೆ ಮಾರ್ಕೋವ್ ಕ್ಷೇತ್ರವೆಂದು ಹೆಸರು. ಬಿಂದುವಿನ ಸುತ್ತಣ ಬಿಂದುಗಳ ಬಣ್ಣ ತಿಳಿದರೆ ನಡುವಣ ಬಣ್ಣವು ಏನಾಗಿರುವ ಸಂಭವ ಎಷ್ಟು ಎಂಬುದನ್ನು ಕೆಲವೇ ಅಂಕಿಗಳು ಹೇಳುವುವು. ಮರಳಿಗೆ ಒಂದು ಕಟ್ಟಿನ ಅಂಕಿಗಳು, ಚಾಪೆಗೆ ಮತ್ತೊಂದು, ಹುಲ್ಲಿಗೆ ಇನ್ನೊಂದು. ಈ ಅಂಕಿಗಳೇ ಆಯಾ ನೇಯ್ಗೆಯ ಗುರುತು.

ಈ ಶಾಖೆಗೆ ನಮ್ಮ ನಾಡಿನ ಸಂಬಂಧವೂ ಉಂಟೆಂಬುದನ್ನು ವಾಚಕರು ಸಂತೋಷದಿಂದ ಅರಿಯಬಹುದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಆರ್. ಎಲ್. ಕಶ್ಯಪರು, ತಮ್ಮ ಶಿಷ್ಯರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರೂ ಆದ ರಾಮ ಚೆಲ್ಲಪ್ಪನವರೊಡನೆ, ಇಂತಹ ಮಾದರಿಗಳಲ್ಲಿ ನೆರೆಯವರನ್ನು ಆರಿಸುವ ಬಗೆಯನ್ನು ಕುರಿತು 1983ರಲ್ಲಿ ಬರೆದ ಪ್ರಬಂಧವು ಈ ವಿಷಯದಲ್ಲಿ ಆಧಾರಗ್ರಂಥದಂತಿದೆ. ಈ ಕಶ್ಯಪರೇ ಮುಂದೆ ಬೆಂಗಳೂರಿನಲ್ಲಿ ವೇದಗಳ ಅನುವಾದದಲ್ಲಿ ತೊಡಗಿ 2021ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದವರು. ಚೆಲ್ಲಪ್ಪನವರ ಶಿಷ್ಯರಾದ ಬಿ. ಎಸ್. ಮಂಜುನಾಥರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿಯೂ ವಿಜ್ಞಾನ ಸಂಸ್ಥೆಯಲ್ಲಿಯೂ ಓದಿ ಅಮೆರಿಕಕ್ಕೆ ತೆರಳಿದವರು. ಇವರಿಬ್ಬರೂ ಕೂಡಿ ಗುರುವಿಲ್ಲದ ನೇಯ್ಗೆ ವಿಂಗಡಣೆಯನ್ನು ಕುರಿತು 1991ರಲ್ಲಿ ಪ್ರಕಟಿಸಿದ ಪ್ರಬಂಧವೇ ನಮ್ಮ ಪ್ರಕೃತ ವಿಷಯದ ತಿರುಳು.

ಬೀಜವೃಕ್ಷನ್ಯಾಯ

ಗುರುವಿದ್ದರೆ ಕೆಲಸ ಸುಲಭ. ಇದು ಕಾಡು, ಇದು ಗದ್ದೆ ಎಂದು ಮಾದರಿ ತೋರಿಸಿದರೆ ಯಂತ್ರವು ಒಂದೊಂದರ ಗುರುತಿನ ಅಂಕಿಗಳನ್ನೂ ಲೆಕ್ಕ ಹಾಕಿಕೊಂಡು ಹೊಸ ಚಿತ್ರವನ್ನು ಅವುಗಳೊಡನೆ ಹೋಲಿಸುವುದು. ಗುರುವಿಲ್ಲದಿದ್ದರೆ ಬೀಜವೃಕ್ಷನ್ಯಾಯವು ಎದುರಾಗುವುದು. ಭಾಗಗಳು ತಿಳಿದಲ್ಲದೆ ಗುರುತಿನ ಅಂಕಿಗಳು ಸಿಕ್ಕಲಾರವು. ಅಂಕಿಗಳು ಸಿಕ್ಕಿದಲ್ಲದೆ ಭಾಗಗಳು ತಿಳಿಯಲಾರವು. ಎಲ್ಲ ವಿಂಗಡಣೆಗಳನ್ನೂ ಒಂದೊಂದಾಗಿ ಪರೀಕ್ಷಿಸಿ ಉತ್ತಮವಾದುದನ್ನು ಆರಿಸೋಣವೆಂದರೆ ಅದು ಮನುಷ್ಯಸಾಧ್ಯವೂ ಅಲ್ಲ, ಯಂತ್ರಸಾಧ್ಯವೂ ಅಲ್ಲ. ಹದಿನಾರೇ ಬಿಂದುಗಳನ್ನು ಎರಡು ಗುರುತುಗಳಿಂದ ಗುರುತಿಸುವುದಕ್ಕೆ 65,536 ಬಗೆಗಳಿವೆ. ಹತ್ತು ಲಕ್ಷ ಬಿಂದುಗಳಾದರೆ ಆ ಬಗೆಗಳ ಸಂಖ್ಯೆಯನ್ನು ಬರೆಯುವುದಕ್ಕೇ ಮೂರು ಲಕ್ಷಕ್ಕೂ ಮಿಕ್ಕಿದ ಅಂಕಿಗಳು ಬೇಕು.

ಮಂಜುನಾಥರೂ ಚೆಲ್ಲಪ್ಪನವರೂ ಹಿಡಿದ ದಾರಿ ಹೀಗಿದೆ. ಮೊದಲು ಚಿತ್ರವನ್ನು ಒಂದರ ಮೇಲೊಂದು ಬೀಳದ ಸಣ್ಣ ಸಣ್ಣ ತುಂಡುಗಳಾಗಿ ಮಾಡುವುದು. ಒಂದೊಂದು ತುಂಡಿನಿಂದಲೂ ಗುರುತಿನ ಅಂಕಿಗಳನ್ನು ಅಂದಾಜು ಮಾಡುವುದು. ಅಂಕಿಗಳಲ್ಲಿ ಹತ್ತಿರವಾದ ತುಂಡುಗಳನ್ನು ಕೂಡಿಸುವುದು. ಕೂಡಿದ ರಾಶಿಗಳಿಂದ ಮತ್ತೆ ಅಂಕಿಗಳನ್ನು ಪಡೆದು, ಆ ಬಲದಿಂದ ಒಂದೊಂದು ಬಿಂದುವನ್ನೂ ತಕ್ಕ ಭಾಗಕ್ಕೆ ಸೇರಿಸುವುದು. ಸ್ಥೂಲದಿಂದ ಸೂಕ್ಷ್ಮಕ್ಕೆ ಹೋಗುವ ಮಾರ್ಗವಿದು. ಅವರು ಕೆಲಸ ಮಾಡಿದುದು ಬೆಳಕು ನೆರಳುಗಳ ಪ್ರಮಾಣವನ್ನು ಮಾತ್ರ ಹೇಳುವ ಚಿತ್ರಗಳ ಮೇಲೆ. 1995ರಲ್ಲಿ ಪಂಜ್ವಾನಿ ಮತ್ತು ಹೀಲಿ ಎಂಬುವರು ಮಾರ್ಕೋವ್ ಕ್ಷೇತ್ರದ ಮಾದರಿಯನ್ನು ಬಣ್ಣದ ನೇಯ್ಗೆಗೆ ಅನ್ವಯಿಸಿದರು. ಅಲ್ಲಿ ಕೆಂಪು ಅಂಕಿಯು ನೆರೆಯ ಕೆಂಪನ್ನು ಮಾತ್ರವಲ್ಲದೆ ನೆರೆಯ ಹಸುರನ್ನೂ ನೀಲಿಯನ್ನೂ ಅವಲಂಬಿಸುವುದು. ಹೀಗೆ ಮೂರು ಬಣ್ಣಗಳ ಪರಸ್ಪರ ಸಂಬಂಧವೂ ಗುರುತಿನೊಳಗೆ ಸೇರಿಕೊಂಡಿತು.

ಎರಡು ರಾಶಿಗಳು ಹತ್ತಿರವೋ ದೂರವೋ ಎಂಬುದನ್ನು ಅಳೆಯುವುದಕ್ಕೆ ಈ ವಿದ್ಯೆಯಲ್ಲಿ ಹಲವು ಅಳತೆಗೋಲುಗಳುಂಟು. ಅವುಗಳಲ್ಲಿ ಒಂದನ್ನು ಕೊಟ್ಟವರು ಕಲಕತ್ತೆಯ ಪ್ರಶಾಂತಚಂದ್ರ ಮಹಲನೋಬಿಸರು. ಮನುಷ್ಯರ ದೇಹದ ಅಳತೆಗಳನ್ನು ಹೋಲಿಸುವ ಪ್ರಯತ್ನದಲ್ಲಿ ಹುಟ್ಟಿ 1936ರಲ್ಲಿ ಪೂರ್ಣರೂಪದಲ್ಲಿ ಪ್ರಕಟವಾದ ಅವರ ದೂರಮಾನವು ಈಗ ಬಣ್ಣದ ರಾಶಿಗಳನ್ನು ಅಳೆಯುವುದಕ್ಕೂ ಸಲ್ಲುತ್ತಿದೆ. ರಾಶಿಯೊಳಗಿನ ಚದರಿಕೆ ಎಷ್ಟೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬರಿಯ ಸರಾಸರಿಗಳ ಅಂತರವನ್ನು ನೋಡುವುದು ತಪ್ಪೆಂಬುದೇ ಅದರ ಸಾರ.

ಎಷ್ಟು ಭಾಗವೆಂದು ಹೇಳುವವರಾರು?

ಇನ್ನೊಂದು ಕಠಿನವಾದ ಪ್ರಶ್ನೆಯುಂಟು. ಚಿತ್ರದಲ್ಲಿ ಭಾಗಗಳು ಎಷ್ಟು? ಭಾಗಗಳು ಹೆಚ್ಚಿದಷ್ಟೂ ಮಾದರಿಯು ಚಿತ್ರಕ್ಕೆ ಹೆಚ್ಚು ಹೊಂದಿಕೊಳ್ಳುವುದು; ಒಂದೊಂದು ಬಿಂದುವೂ ಒಂದೊಂದು ಭಾಗವೆಂದರೆ ಹೊಂದಿಕೆ ಪೂರ್ಣ, ಪ್ರಯೋಜನ ಶೂನ್ಯ. ಆದುದರಿಂದ ಹೊಸದಾಗಿ ಕೂಡಿಸಿದ ಒಂದೊಂದು ಭಾಗಕ್ಕೂ ದಂಡ ವಿಧಿಸುವ ಸೂತ್ರಗಳನ್ನು ವಿದ್ವಾಂಸರು ರಚಿಸಿದರು. 1978ರಲ್ಲಿ ಷ್ವಾರ್ಟ್ಸ್ ಒಂದು ಸೂತ್ರವನ್ನೂ ರಿಸಾನೆನ್ ಮತ್ತೊಂದನ್ನೂ ಕೊಟ್ಟರು. ಹೊಸ ಭಾಗದಿಂದ ಬರುವ ಲಾಭವು ದಂಡವನ್ನು ಮೀರಿದರೆ ಮಾತ್ರ ಅದನ್ನು ಒಪ್ಪಬೇಕು. ಆದರೆ ಸೂತ್ರವನ್ನು ಆರಿಸುವವನು ಮನುಷ್ಯನೇ. ತುಂಡಿನ ಗಾತ್ರವನ್ನು ನಿಶ್ಚಯಿಸುವವನೂ ಮನುಷ್ಯನೇ. ಗುರುವಿಲ್ಲವೆಂದು ಹೇಳುವಲ್ಲಿಯೂ ಗುರುವು ತೆರೆಯ ಮರೆಯಲ್ಲಿ ನಿಂತಿರುವನು.

ಮನುಷ್ಯರೇ ಎಳೆದರೆ ಗೆರೆಗಳು ಒಂದೇ ಆಗುವುವೆ? 2001ರಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದವರು ಒಂದೇ ಚಿತ್ರವನ್ನು ಹಲವು ಮಂದಿಗೆ ಕೊಟ್ಟು ಭಾಗಗಳನ್ನು ಗುರುತಿಸಿರೆಂದು ಕೇಳಿದರು. ಒಬ್ಬರು ದೊಡ್ಡ ಭಾಗಗಳನ್ನು ಮಾತ್ರ ಗುರುತಿಸಿದರೆ ಇನ್ನೊಬ್ಬರು ಅದರೊಳಗಣ ಸಣ್ಣ ಭಾಗಗಳನ್ನೂ ಗುರುತಿಸಿದರು. ಬಹುಮಟ್ಟಿಗೆ ಒಬ್ಬರದು ಇನ್ನೊಬ್ಬರದಕ್ಕೆ ವಿರೋಧವಾಗಿರಲಿಲ್ಲ. ಸೂಕ್ಷ್ಮತೆ ಮಾತ್ರ ಬೇರೆಯಾಗಿದ್ದಿತು. ಚಿತ್ರದ ಸರಿಯಾದ ವಿಂಗಡಣೆಯು ಒಂದೇ ಎಂಬ ನಂಬಿಕೆಯೇ ಇದರಿಂದ ಸಡಿಲಿತು.

ಎಲ್ಲೆಯ ಮೇಲಣ ಸಂಶಯ

ಬಣ್ಣವನ್ನು ಒಂದು ಬಿಂದುವಿನಲ್ಲಿ ನೋಡಬಹುದು; ನೇಯ್ಗೆಯನ್ನು ಒಂದು ಬಿಂದುವಿನಲ್ಲಿ ನೋಡಲಾಗದು. ಒಂದೇ ಎಳೆಯನ್ನು ತೋರಿಸಿ ಇದು ಚೌಕುಳಿಯೋ ಪಟ್ಟೆಯೋ ಎಂದರೆ ಯಾವ ನೇಕಾರನೂ ಹೇಳಲಾರನು. ಸುತ್ತಣ ಕೆಲವು ಬಿಂದುಗಳನ್ನು ಕೂಡಿಸಿ ನೋಡುವ ಕಿಟಕಿಯೊಂದು ಯಂತ್ರಕ್ಕೆ ಬೇಕು. ಕಿಟಕಿ ದೊಡ್ಡದಾದರೆ ನೇಯ್ಗೆಯ ಅರಿವು ಸ್ಥಿರವಾಗುವುದು. ಆದರೆ ಎಲ್ಲೆಯ ಬಳಿ ಅದೇ ಕಿಟಕಿಯೊಳಗೆ ಎರಡು ಕಡೆಯ ನೇಯ್ಗೆಯೂ ಬಿದ್ದು ಗೊಂದಲವಾಗುವುದು. ಕಿಟಕಿ ಸಣ್ಣದಾದರೆ ಎಲ್ಲೆ ತೀಕ್ಷ್ಣವಾಗುವುದು. ಆದರೆ ನೇಯ್ಗೆಯ ಅರಿವು ಚಂಚಲವಾಗುವುದು. ಎಂದಮೇಲೆ ಯಂತ್ರವು ಅತ್ಯಂತ ಹೆಚ್ಚಾಗಿ ತಪ್ಪುವುದು ಎಲ್ಲೆಯ ಬಳಿಯಲ್ಲಿಯೇ. ಮನುಷ್ಯರ ವ್ಯಾಜ್ಯಗಳು ಹುಟ್ಟುವುದೂ ಅಲ್ಲಿಯೇ ಅಲ್ಲವೆ?

ಅಧಿಕಾರಿಗಳಿಗೆ ಪರಿಚಿತವಾದ ಲೆಕ್ಕದಲ್ಲಿ ಇದನ್ನು ನೋಡೋಣ. 1988ನೆಯ ಮಾರ್ಚಿ 17ರಂದು ಹಾರಿದ ಭಾರತದ ದೂರಸಂವೇದಿ ಉಪಗ್ರಹ ಐ.ಆರ್.ಎಸ್. 1-ಎಯ ಒಂದು ಕ್ಯಾಮರಾದಲ್ಲಿ ಬಿಂದುವೊಂದು 72.5 ಮೀಟರ್ ಚೌಕದ ನೆಲಕ್ಕೆ ಸಮ. ಎಂದರೆ ಸುಮಾರು 1 ಎಕರೆ 12 ಗುಂಟೆ. 2015ರಿಂದ ಐರೋಪ್ಯರು ಹಾರಿಸಿದ ಸೆಂಟಿನೆಲ್-2 ಉಪಗ್ರಹಗಳ ಬಣ್ಣದ ಚಿತ್ರದಲ್ಲಿ ಬಿಂದುವು 10 ಮೀಟರ್ ಚೌಕ. ಹೆಚ್ಚು ಕಡಮೆ ಒಂದು ಗುಂಟೆ. ಇಷ್ಟು ಸೂಕ್ಷ್ಮವಾದ ಮೇಲೆಯೂ ಒಂದು ಕಿಲೋಮೀಟರ್ ಉದ್ದದ ಎಲ್ಲೆಯು ಒಂದೇ ಒಂದು ಬಿಂದುವಿನಷ್ಟು ಅತ್ತಿತ್ತ ಸರಿದರೆ ಒಂದು ಹೆಕ್ಟೇರ್, ಎಂದರೆ ಸುಮಾರು ಎರಡೂವರೆ ಎಕರೆ ನೆಲವು ಹೊಲದಿಂದ ಕಾಡಿಗೋ ಕಾಡಿನಿಂದ ಹೊಲಕ್ಕೋ ಸೇರಿಹೋಗುವುದು. ಸಣ್ಣ ಹಿಡುವಳಿದಾರನೊಬ್ಬನ ಸಂಸಾರದ ಆಧಾರವೆಲ್ಲ ಎಷ್ಟೋ ವೇಳೆ ಅಷ್ಟೇ ಆಗಿರುವುದು.

ಇನ್ನೂ ಒಂದು ಮಾತು. ಒಂಬತ್ತು ಅಡಿಗೊಂದರಂತೆ ಸಾಲಾಗಿ ನೆಟ್ಟ ಅಡಕೆಯ ತೋಟವು ಕಾಡಿಗಿಂತ ಬೇರೆಯೆಂದು ತಿಳಿಸುವುದು ಆ ಸಾಲಿನ ನೇಯ್ಗೆಯೇ. ಹತ್ತು ಮೀಟರಿನ ಬಿಂದುವಿನೊಳಗೆ ಆ ಸಾಲುಗಳೆಲ್ಲ ಅಡಗಿಹೋಗಿ ಹಸುರು ಮಾತ್ರ ಉಳಿಯುವುದು. ಇನ್ನೂ ಸೂಕ್ಷ್ಮವಾದ ಚಿತ್ರವಿದ್ದರೆ ಸಾಲು ಕಂಡೀತು; ಇಲ್ಲದಿದ್ದರೆ ತಂದೆ ತಾತಂದಿರು ನೆಟ್ಟ ತೋಟವನ್ನು ಯಂತ್ರವು ಕಾಡಿನೊಡನೆ ಎಣಿಸಿದರೆ ಆಶ್ಚರ್ಯವಿಲ್ಲ. ಗುಡ್ಡದ ನೆರಳು ಬಿದ್ದ ಕಡೆ ಒಂದೇ ಕಾಡನ್ನು ಎರಡೆಂದು ಎಣಿಸಿದರೂ ಆಶ್ಚರ್ಯವಿಲ್ಲ.

ಹಾಗಾದರೆ ಈ ವಿದ್ಯೆಯೇ ನಿಷ್ಪ್ರಯೋಜಕವೆಂದು ನಮ್ಮ ಅಭಿಪ್ರಾಯವಲ್ಲ. ಸಂಭವನೀಯತೆಯ ಮಾದರಿಯ ಹೆಚ್ಚಳವಿರುವುದು ಅದರ ಪ್ರಾಮಾಣಿಕತೆಯಲ್ಲಿ. ಅದು ‘ಈ ಬಿಂದು ಕಾಡು’ ಎಂದು ಗದರುವುದಿಲ್ಲ. ‘ಈ ಬಿಂದು ಮೊದಲನೆಯ ಭಾಗಕ್ಕೆ ಸೇರಿರುವ ಸಂಭವ ನೂರಕ್ಕೆ 55, ಎರಡನೆಯದಕ್ಕೆ ಸೇರಿರುವ ಸಂಭವ 45’ ಎಂದು ಹೇಳಬಲ್ಲದು. ಇನ್ನೊಂದು ಬಿಂದುವಿಗೆ ಅದೇ ಮಾದರಿಯು 99 ಎನ್ನಬಹುದು. ನಕ್ಷೆಯನ್ನು ಅಚ್ಚು ಹಾಕುವಾಗ ಮಾತ್ರ 55ಕ್ಕೂ 99ಕ್ಕೂ ಒಂದೇ ಹಸುರು ಬಣ್ಣವನ್ನು ಬಳಿದುಬಿಡುವರು. ಯಂತ್ರವು ಸಂಶಯವನ್ನು ಹೇಳಿತ್ತು. ಅದನ್ನು ಅಳಿಸಿದವರು ನಾವು. ಯಂತ್ರದ ದೋಷವೆಂದು ಕರೆಯಲ್ಪಡುವುದರಲ್ಲಿ ಬಹುಭಾಗವು ಈ ಅಳಿಸುವಿಕೆಯ ದೋಷವೆಂದೇ ನಾವು ಹೇಳುವೆವು. ಆ 55 ಎಂಬ ಅಂಕಿಯಾದರೂ ಮಾದರಿಯು ಸರಿಯೆಂಬ ನಂಬಿಕೆಯ ಮೇಲೆ ನಿಂತುದು. ಮಾದರಿಯೇ ಆ ನೆಲಕ್ಕೆ ಒಗ್ಗದಿದ್ದರೆ ಸಂಶಯದ ಲೆಕ್ಕವೂ ತಪ್ಪುವುದು. ಆದುದರಿಂದಲೇ ನೆಲವನ್ನು ಮೆಟ್ಟಿ ನೋಡುವ ಮನುಷ್ಯನು ಎಂದಿಗೂ ಬೇಕು.

ಈಗ ಕಾಲ ಮತ್ತಷ್ಟು ಮುಂದೆ ಹೋಗಿದೆ. 2023ರಲ್ಲಿ ಮೆಟಾ ಸಂಸ್ಥೆಯವರು 1 ಕೋಟಿ 10 ಲಕ್ಷ ಚಿತ್ರಗಳಲ್ಲಿ ಗುರುತಿಸಿದ 100 ಕೋಟಿಗೂ ಮಿಕ್ಕಿದ ಭಾಗಗಳಿಂದ ಪಳಗಿಸಿದ ವಿಂಗಡಣೆಯ ಯಂತ್ರವನ್ನು ಹೊರತಂದರು. ಅದರ ಕೈಚಳಕ ಹಳೆಯ ಮಾದರಿಗಳಿಗಿಲ್ಲ. ಆದರೆ ಮಾರ್ಕೋವ್ ಕ್ಷೇತ್ರದ ಕೆಲವೇ ಅಂಕಿಗಳನ್ನು ಬಲ್ಲವನು ಒಂದು ಗೆರೆಯು ಏಕೆ ಅಲ್ಲಿ ಬಿದ್ದಿತೆಂದು ಕೇಳಿ ಉತ್ತರ ಪಡೆಯಬಹುದಾಗಿದ್ದಿತು. ಕೋಟಿಗಟ್ಟಲೆ ಅಂಕಿಗಳ ಯಂತ್ರದಲ್ಲಿ ಆ ಉತ್ತರ ಅಷ್ಟು ಸುಲಭವಾಗಿ ದೊರೆಯದು. ಕೈ ಚುರುಕಾದಷ್ಟೂ ಕೇಳುವವನು ಎಚ್ಚರವಾಗಿರಬೇಕು.

ನಮ್ಮ ಸೂಚನೆಗಳು ಮೂರೇ. ಯಂತ್ರವು ವಿಂಗಡಿಸಿದ ಯಾವ ನಕ್ಷೆಯೇ ಆಗಲಿ, ಅದರೊಡನೆ ಸಂಶಯದ ನಕ್ಷೆಯೂ ಇರತಕ್ಕುದು. ಬಿಂದುವಿನ ಗಾತ್ರ, ಕಿಟಕಿಯ ಗಾತ್ರ, ಭಾಗಗಳ ಸಂಖ್ಯೆ ಇವುಗಳನ್ನು ಯಾರು, ಯಾವ ಆಧಾರದಿಂದ ಆರಿಸಿದರೆಂಬುದನ್ನು ನಕ್ಷೆಯ ಅಂಚಿನಲ್ಲಿ ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ ಬರೆಯತಕ್ಕುದು. ಇಂತಹ ಗೆರೆಯನ್ನು ಆಧಾರ ಮಾಡಿಕೊಂಡು ಯಾರಿಗಾದರೂ ನೋಟೀಸು ಕಳುಹಿಸುವ ಮುನ್ನ, ಸಂಶಯ ಹೆಚ್ಚಾಗಿರುವ ಕಡೆಗೆ ಹೋಗಿ ಕಣ್ಣಾರೆ ನೋಡತಕ್ಕುದು. ಎಲ್ಲ ಕಡೆಗೂ ಹೋಗುವುದು ಅಸಾಧ್ಯವೆಂದು ಅಧಿಕಾರಿಗಳು ಹೇಳಬಹುದು. ಎಲ್ಲಿಗೆ ಹೋಗಬೇಕೆಂಬುದನ್ನು ಸಂಶಯದ ನಕ್ಷೆಯೇ ತೋರಿಸಿಕೊಡುವುದು. ಅದರ ಪರಮ ಪ್ರಯೋಜನವೇ ಅದು.

ಮುಸ್ಸಂಜೆಯ ಮಬ್ಬಿನಲ್ಲಿ ದೂರದಲ್ಲಿ ನಿಂತಿರುವುದು ಕಂಬವೋ ಮನುಷ್ಯನೋ ಎಂಬುದು ನಮ್ಮ ತರ್ಕಶಾಸ್ತ್ರವು ಸಂಶಯಕ್ಕೆ ಕೊಡುವ ಹಳೆಯ ಉದಾಹರಣೆ. ಕಂಬವೆಂದು ತೀರ್ಮಾನಿಸಿ ಗಾಡಿಯನ್ನು ಮೇಲೆ ಹರಿಸುವವನು ವಿವೇಕಿಯಲ್ಲ. ಹತ್ತಿರ ಹೋಗಿ ನೋಡುವವನು ವಿವೇಕಿ. ಯಂತ್ರವು ನಮಗೆ ದೂರದ ನೋಟವನ್ನು ಕೊಟ್ಟಿದೆ. ಹತ್ತಿರ ಹೋಗುವ ಕಾಲು ಇನ್ನೂ ನಮ್ಮದೇ.